ಕನಾತ್ ತೋಡಿದ ಉಸ್ತಾದರ ಪಾದ

ಯಜ್ದ್ ಬಸ್ ನಿಲ್ದಾಣ

ನವೆಂಬರ್ ಹತ್ತು, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಹಾಜರಿದ್ದವರು ಮೂವರು: ನಾನು, ಊರಿನಿಂದ ನನ್ನ ಜೊತೆ ಬಂದ ಗಿರಿಜಾ, ನಮ್ಮನ್ನು ಮನೆಗೆ ಕರೆದೊಯ್ಯಲು ಕಾರು ತಂದಿದ್ದ ಮಹಿನ್. ಸಾಮಾನು ಐದು. ಟೆಹರಾನಿನಲ್ಲಿ ಬಸ್ಸು ಹತ್ತುವಾಗ ಆರಿತ್ತು. ಆರನೆಯದು ಗಿರಿಜಾಳ ಕೊಡೆ. ಅದು ಬಸ್ಸಿನಲ್ಲೇ ಮುಂದಿನ ಊರಿಗೆ ಹೋಯಿತು.

"ಹೋಗಲಿ ಬಿಡಿ ಗಿರಿಜಕ್ಕ," ಎಂದಳು ಮಹಿನ್. "ಇಲ್ಲಿ ಕೊಡೆ ಹಿಡಿದ್ರೆ ಜನ ನೋಡ್ಲಿಕ್ಕೆ ಬರ್ತಾರೆ. ಕಳೆದ ಸಲ ಮಳೆ ಯಾವಾಗ ಬಂತು ಅಂತ ನನಗೂ ನೆನಪಿಲ್ಲ."

"ಮಳೆಗಲ್ಲ ಮಾರಾಯ್ತಿ, ಬಿಸಿಲಿಗೆ. ಮತ್ತೆ ನಾಯಿಗೆ," ಎಂದಳು ಗಿರಿಜಾ.

ಹೊತ್ತು, ಹಾಜರಿ, ಸಾಮಾನು ಮೊದಲು ಹೇಳಿಬಿಡುವುದು ನನ್ನ ಅಭ್ಯಾಸ. ಮಣಿಪಾಲದ ಒಂದು ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ನಾನು ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದೆ. ಡ್ಯೂಟಿ ಬದಲಾಗುವಾಗ ಹಾಗೆಯೇ ಹೇಳಬೇಕಿತ್ತು. ಇನ್ನಂಜೆಯ ಕೊಂಕಣಿ ಕ್ರಿಶ್ಚನ್ ಮನೆಯವಳು ನಾನು. ಗಿರಿಜಾ ಎರ್ಮಾಳಿನ ಮೀನುಗಾರರ ಮನೆಯವಳು, ಅದೇ ವಾರ್ಡಿನಲ್ಲಿ ಆಯಾ ಆಗಿದ್ದವಳು. ಇಬ್ಬರೂ ನಿವೃತ್ತರಾಗಿ ಕೆಲವು ವರ್ಷ ಕಳೆದರೂ ಅವಳು ನನ್ನನ್ನು ಸಿಸ್ಟರ್ ಎಂದೇ ಕರೆಯುತ್ತಾಳೆ. ಆ ಮರ್ಯಾದೆ ಕರೆಯುವುದರಲ್ಲಿ ಮಾತ್ರ. ಉಳಿದಂತೆ ನನ್ನ ತಪ್ಪುಗಳನ್ನು ಎಣಿಸುವುದೇ ಅವಳ ಈಗಿನ ಕೆಲಸ.

ಮಹಿನ್ ಫಾರ್ಮಸಿ ಓದಲು ಬಂದು ನಾಲ್ಕು ವರ್ಷ ನಮ್ಮ ಮಣಿಪಾಲದ ಮನೆಯ ಮಹಡಿಯಲ್ಲಿದ್ದಳು. ಕನ್ನಡ ಕಲಿತದ್ದು ನಮ್ಮಿಂದ, ತುಳುವಿನ ಬೈಗುಳ ಕಲಿತದ್ದು ಗಿರಿಜಾಳಿಂದ. ಈಗ ಯಜ್ದ್‌ನಲ್ಲಿ ಅವಳದೇ ಔಷಧದ ಅಂಗಡಿ ಇದೆ. ಬನ್ನಿ ಬನ್ನಿ ಎಂದು ಪ್ರತಿ ವರ್ಷ ಕರೆಯುತ್ತಿದ್ದಳು. ಈ ಸಲದ ಕರೆಗೆ ಕಾರಣ ಬೇರೆ ಇತ್ತು. ಅದನ್ನು ಅವಳು ಕಾರಿನಲ್ಲಿ ಮತ್ತೊಮ್ಮೆ ವಿವರವಾಗಿ ಹೇಳಿದಳು.

ಅವಳ ತಂದೆಗೆ ಎಪ್ಪತ್ತೆಂಟು ವರ್ಷ. ಊರವರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಾರೆ, ಕಸುಬಿನಲ್ಲಿ ಗುರು ಎಂದು ಅರ್ಥ. ಬೆಟ್ಟದ ಬುಡದಲ್ಲಿರುವ ನೀರನ್ನು ನೆಲದಡಿಯ ಸುರಂಗದಲ್ಲಿ ಮೈಲಿಗಟ್ಟಲೆ ಹರಿಸಿ ಊರಿಗೆ ತರುತ್ತಾರೆ. ಆ ಸುರಂಗಕ್ಕೆ ಕನಾತ್ ಎಂದು ಹೆಸರು. ಅದನ್ನು ತೋಡುವುದೇ ಉಸ್ತಾದರ ಕಸುಬಾಗಿತ್ತು. ಸಕ್ಕರೆ ಕಾಯಿಲೆ ಹಳೆಯದು.

"ಬಲಗಾಲಿನ ಒಂದು ಬೆರಳು ಕಪ್ಪಾಗಿದೆ ಆಂಟಿ. ಹೋದ ತಿಂಗಳು ಡಾಕ್ಟ್ರು ನೋಡಿ ಹೇಳಿದ್ರು, ಬೆರಳು ತೆಗಿಬೇಕು, ತಡ ಮಾಡಿದ್ರೆ ಕಾಲೇ ಹೋಗ್ತದೆ ಅಂತ. ಆವತ್ತಿಂದ ಕಾಲುಚೀಲ ಮುಟ್ಲಿಕ್ಕೆ ಬಿಡುದಿಲ್ಲ. ನನಗೂ ತೋರ್ಸುದಿಲ್ಲ. ಬುಧವಾರ ಬೆಳಿಗ್ಗೆ ಪುನಃ ಬರ್ಲಿಕ್ಕೆ ಹೇಳಿದ್ದಾರೆ. ಅಪ್ಪ ಹೋಗುದಿಲ್ಲ ಅಂತ ಕೂತಿದ್ದಾರೆ."

"ನಾನು ಹೇಳಿದರೆ ಕೇಳ್ತಾರಾ?"

"ನೀವು ಅತಿಥಿ. ಅತಿಥಿ ಮಾತನ್ನು ಅಪ್ಪ ತಳ್ಳಿ ಹಾಕುದಿಲ್ಲ."

ಅಂಥ ಪಾದಗಳನ್ನು ನಾನು ಎಷ್ಟು ಕಂಡಿಲ್ಲ. ಕಾರ್ಕಳದ ಗದ್ದೆಯಿಂದ, ಮಲ್ಪೆಯ ದೋಣಿಯಿಂದ, ಬಾಳೆ ಎಲೆಯಲ್ಲಿ ಸುತ್ತಿಕೊಂಡು ಬಂದ ಪಾದಗಳು. ಉಳಿದವೂ ಇವೆ, ಉಳಿಯದವೂ ಇವೆ. ಉಳಿಯದವು ಹೆಚ್ಚಿನವು ತಡವಾಗಿ ಬಂದವು. ನಮಗಿದ್ದದ್ದು ಭಾನುವಾರ, ಸೋಮವಾರ, ಮಂಗಳವಾರ. ಮೊದಲ ದಿನವೇ ಕೆಲಸ ಮುಗಿಸಿ, ಉಳಿದ ಎರಡು ದಿನ ಊರು ನೋಡುವುದೆಂದು ನಿಶ್ಚಯಿಸಿದೆ.

ಉಸ್ತಾದರ ಬಾಗಿಲು, ಭಾನುವಾರ

ಹಳೆಯ ಊರಿನ ಓಣಿಗೆ ಕಾರು ಹೋಗುವುದಿಲ್ಲ. ಮಹಿನ್ ಕಾರು ನಿಲ್ಲಿಸಲು ಹೋದಳು. ಎಡಕ್ಕೆ ಮೂರನೆಯ ಬಾಗಿಲು ಎಂದು ಹೇಳಿ ನಮ್ಮಿಬ್ಬರನ್ನು ಮುಂದೆ ಕಳಿಸಿದಳು.

ಓಣಿಯ ಎರಡೂ ಕಡೆ ಮಣ್ಣಿನ ಗೋಡೆ, ನಮ್ಮ ಎರಡಾಳು ಎತ್ತರ. ಮಣ್ಣಿಗೆ ಹುಲ್ಲಿನ ಚೂರು ಕಲಸಿ ಮೆತ್ತಿದ್ದಾರೆ, ಬಿಸಿಲಿಗೆ ಹುಲ್ಲು ಹೊಳೆಯುತ್ತದೆ. ಇಂಥ ಗೋಡೆಯನ್ನು ಕಾಪುವಿನಲ್ಲಿ ಕಟ್ಟಿದರೆ ಜೂನ್ ಮುಗಿಯುವುದರೊಳಗೆ ಗದ್ದೆಗೆ ಹರಿದುಹೋಗುತ್ತದೆ. ಇಲ್ಲಿ ಅಜ್ಜ ಕಟ್ಟಿದ ಗೋಡೆಗೆ ಮೊಮ್ಮಗ ಒರಗಿ ನಿಲ್ಲುತ್ತಾನೆ. ಮಾಡುಗಳ ಮೇಲೆ ಗಾಳಿ ಗೋಪುರಗಳು. ಎತ್ತರದಲ್ಲಿ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುವ ಚೌಕದ ಗೂಡುಗಳವು. ಫ್ಯಾನಿಲ್ಲದ ಕಾಲದಲ್ಲಿ ಜನ ಬೇಸಿಗೆ ಕಳೆದದ್ದು ಇವುಗಳ ಕೆಳಗೆ.

ಇಲ್ಲಿ ಹೆಂಗಸರ ತಲೆಗೆ ಬಟ್ಟೆ ಇರಬೇಕು. ನನ್ನದು ಹತ್ತು ಹೆಜ್ಜೆಗೊಮ್ಮೆ ಜಾರುತ್ತಿತ್ತು. ನಿಂತು ಎರಡು ಪಿನ್ನು ಹಾಕಿದೆ.

"ಕ್ಯಾಪ್ ಇಟ್ಟ ಹಾಗೇ ಆಯ್ತು ಸಿಸ್ಟರ್," ಎಂದಳು ಗಿರಿಜಾ. "ಈಗ ಯಾರನ್ನಾದ್ರೂ ಬೈಯಿರಿ, ಸರಿ ಹೊಂದ್ತದೆ."

ಮೂರನೆಯ ಬಾಗಿಲಿನಲ್ಲಿ ಎರಡು ಕಬ್ಬಿಣ ನೇತಾಡುತ್ತಿದ್ದವು: ಒಂದು ದಪ್ಪ ಸಲಾಕೆ, ಇನ್ನೊಂದು ಬಳೆಯಂಥ ಉಂಗುರ. ನಾನು ಸಲಾಕೆಯನ್ನು ಹಿಡಿದು ಮೂರು ಸಲ ಗಟ್ಟಿಯಾಗಿ ಬಡಿದೆ. ಒಳಗೆ ಹೆಂಗಸೊಬ್ಬಳ ದನಿ ಕೇಳಿಸಿ ಥಟ್ಟನೆ ನಿಂತಿತು. ಆಮೇಲೆ ಗಂಡಸಿನ ಹೆಜ್ಜೆ, ನಿಧಾನವಾಗಿ, ಒಂದು ಗಟ್ಟಿ, ಒಂದು ಮೆಲ್ಲಗೆ. ಬಾಗಿಲು ತೆರೆಯಲು ಬಹಳ ಹೊತ್ತಾಯಿತು.

ಎತ್ತರದ, ತೆಳ್ಳಗಿನ ಮುದುಕರು. ಬಿಳಿ ಗಡ್ಡ. ಬಲಗಾಲಿನ ಹಿಮ್ಮಡಿಯನ್ನು ಮಾತ್ರ ಊರಿದ್ದರು. ಆ ಕಾಲಿಗೆ ಮಾತ್ರ ಉಣ್ಣೆಯ ಕಾಲುಚೀಲ. ನಮ್ಮನ್ನು ಕಂಡು ಕೈಯನ್ನು ಎದೆಗಿಟ್ಟು ಬಾಗಿದರು. ಬಾಗಿದಾಗ ವಾಸನೆ ಬಂತು. ನರ್ಸಿಗೆ ಆ ವಾಸನೆ ಸಾಕು. ಗಿರಿಜಾ ನನ್ನ ಮುಖ ನೋಡಿದಳು. ಅವಳಿಗೂ ಬಂದಿತ್ತು.

ಹಿಂದಿನಿಂದ ಓಡಿ ಬಂದ ಮಹಿನ್ ತಲೆಗೆ ಕೈಯಿಟ್ಟಳು. "ಎಂತ ಆಂಟಿ, ಸಲಾಕೆ ಬಡಿದ್ರಾ? ಅದು ಗಂಡಸರು ಬಡಿಯುವುದು. ಉಂಗುರ ಹೆಂಗಸರಿಗೆ. ಶಬ್ದ ಕೇಳಿಯೇ ಒಳಗೆ ಯಾರು ಬಾಗಿಲು ತೆಗಿಬೇಕು ಅಂತ ಗೊತ್ತಾಗ್ತದೆ. ಅಡುಗೆಗೆ ಬಂದಿರುವ ಪಕ್ಕದ ಮನೆ ಅಕ್ಕ, ಗಂಡಸರು ಬಂದ್ರು ಅಂತ ಒಳಗೆ ಹೋಗಿ ಕೂತಿರ್ಬೇಕು. ಪಾಪ, ಅಪ್ಪ ಎದ್ದು ಬರಬೇಕಾಯ್ತು."

ಅಂಗಳದ ನಡುವೆ ಚಿಕ್ಕ ಕೊಳ, ಎರಡು ದಾಳಿಂಬೆ ಗಿಡ. ಸುತ್ತ ಕೋಣೆಗಳು. ಜಮಖಾನದ ಮೇಲೆ ಕುಳಿತೆವು. ಉಸ್ತಾದರು ತಮ್ಮ ದಿಂಬನ್ನೇ ನನಗೆ ಕೊಟ್ಟು, ಬಲಗಾಲನ್ನು ಕಂಬಳಿಯೊಳಗೆ ಮಡಚಿಕೊಂಡು ಕುಳಿತರು. ಎದುರಿನವರ ಕಡೆ ಪಾದ ಚಾಚುವುದು ಇಲ್ಲಿ ದೊಡ್ಡ ಅವಮರ್ಯಾದೆ. ಏಲಕ್ಕಿ ಹಾಕಿದ ಚಹಾ ಬಂತು. ನಾನು ಕೂಡಲೇ ತೆಗೆದುಕೊಂಡೆ. ಗಿರಿಜಾ ಬೇಡ ಎಂದಳು, ಮತ್ತೆ ಬೇಡ ಎಂದಳು, ಮೂರನೆಯ ಸಲಕ್ಕೆ ತೆಗೆದುಕೊಂಡು ಎರಡು ಲೋಟ ಕುಡಿದಳು. ಉಸ್ತಾದರಿಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ ಇರಬೇಕು.

ಚಹಾ ಮುಗಿಯುತ್ತಲೇ ನಾನು ಎದ್ದು ನಿಂತು ಹೇಳಿದೆ: "ಮಹಿನ್, ಪಾದ ನೋಡಬೇಕು ಅಂತ ಹೇಳು. ಈಗಲೇ ನೋಡ್ತೇನೆ."

ಉಸ್ತಾದರು ಮತ್ತೆ ಕೈಯನ್ನು ಎದೆಗಿಟ್ಟು, ಮೆಲ್ಲಗೆ, ಉದ್ದವಾಗಿ ಏನೋ ಹೇಳಿದರು.

"ಬೇಡವಂತೆ ಆಂಟಿ. ನೀವು ದೂರದಿಂದ ಬಂದವರು, ನಿಮ್ಮ ಕೈಗೆ ತೊಂದರೆ ಕೊಡುದಿಲ್ಲ ಅಂತ."

ಇಲ್ಲಿ ನನ್ನ ವಾರ್ಡಿನ ಒಂದು ಪದ್ಧತಿಯನ್ನು ಹೇಳಬೇಕು. ಬಡ ರೋಗಿ ಬೇಡ ಎಂದರೆ ನಾಲ್ಕು ಜನ ಮೇಲೆ ಬಿದ್ದು ಒಪ್ಪಿಸುವುದನ್ನು ನಾನು ಎಳೆಯ ನರ್ಸ್ ಆಗಿದ್ದಾಗ ಕಂಡಿದ್ದೆ. ನನ್ನ ಕೈಗೆ ವಾರ್ಡು ಬಂದ ಮೇಲೆ ಅದನ್ನು ನಿಲ್ಲಿಸಿದೆ. ಬೇಡ ಎಂದರೆ ಬೇಡ. ಬರೆದುಕೊಳ್ಳಬೇಕು, ಗೌರವಿಸಬೇಕು, ಒತ್ತಾಯ ಕೂಡದು. ಆ ಪದ್ಧತಿಯ ಬಗ್ಗೆ ನನಗೆ ಹೆಮ್ಮೆಯೂ ಇದೆ. ಹಾಗಾಗಿ ಚೀಲದಿಂದ ಪುಸ್ತಕ ತೆಗೆದು ಬರೆದೆ: ಹತ್ತು ನಲವತ್ತು, ಪಾದ ನೋಡಲು ಕೇಳಲಾಯಿತು, ರೋಗಿ ನಿರಾಕರಿಸಿದರು. ಪುಸ್ತಕ ಮುಚ್ಚಿದೆ.

ಉಸ್ತಾದರು ಸ್ವಲ್ಪ ಹೊತ್ತು ನನ್ನನ್ನೇ ನೋಡುತ್ತಿದ್ದರು. ಮಹಿನಳೂ ನೋಡುತ್ತಿದ್ದಳು. ಆಮೇಲೆ ಅವರು ಕಂಬಳಿಯನ್ನು ಸರಿಪಡಿಸಿಕೊಂಡು, ನಮ್ಮ ಊರಿನಲ್ಲಿ ಬಾವಿಗೆ ಎಷ್ಟು ಆಳದಲ್ಲಿ ನೀರು ಸಿಗುತ್ತದೆ ಎಂದು ವಿಚಾರಿಸಿದರು. ಇನ್ನಂಜೆಯಲ್ಲಿ ಕೆಂಪು ಕಲ್ಲು ಕಡಿದು ಮೂವತ್ತಡಿಗೆ ಸಿಗುತ್ತದೆ ಎಂದೆ. ಮುದುಕರು ನಕ್ಕರು. ಅವರು ತೋಡಿದ ಒಂದು ಕನಾತಿಗೆ ಬೆಟ್ಟದ ಬುಡದಲ್ಲಿ ತೆಗೆದ ಮೊದಲ ಬಾವಿಯೊಳಗೆ ಇನ್ನಂಜೆಯ ಹತ್ತು ಬಾವಿಗಳು ಒಂದರ ಮೇಲೊಂದು ನಿಲ್ಲುತ್ತವಂತೆ.

ನೀರಿನ ಟಾಂಕಿಯ ಕಟ್ಟೆ, ಸೋಮವಾರ

ಮರುದಿನ ಮಹಿನ್ ಅಂಗಡಿಗೆ ಹೋದಳು. ನಾವಿಬ್ಬರೇ ಊರು ನೋಡಲು ಹೊರಟೆವು. ಓಣಿಗಳೆಲ್ಲ ಒಂದೇ ಥರ, ಹಾಗಾಗಿ ತಿರುವುಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತ ನಡೆದೆ. ಆರನೆಯ ತಿರುವಿನಲ್ಲಿ ಹಳೆಯ ನೀರಿನ ಟಾಂಕಿ ಸಿಕ್ಕಿತು. ನೆಲದಡಿಯಲ್ಲಿ ದೊಡ್ಡ ಗುಂಡಿ, ಮೇಲೆ ಗುಮ್ಮಟ, ಸುತ್ತ ಗಾಳಿ ಗೋಪುರ. ಪಕ್ಕದ ಕಟ್ಟೆಯ ಮೇಲೆ ಕೋಟು ಹಾಕಿದ ಹಿರಿಯರೊಬ್ಬರು ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಇಂಗ್ಲಿಷ್ ಮಾತಾಡಲು ಜನ ಸಿಕ್ಕದೆ ಅವರಿಗೆ ಬಾಯಿ ಒಣಗಿತ್ತು.

ಯಜ್ದ್‌ನ ಚರಿತ್ರೆಯನ್ನು ಅವರು ಒಂದು ಪಾಠದಷ್ಟು ಹೊತ್ತಿನಲ್ಲಿ ಹೇಳಿ ಮುಗಿಸಿದರು. ಈ ಊರನ್ನು ಉಳಿಸಿದ್ದು ಕೋಟೆಯಲ್ಲ, ಸುತ್ತಲಿನ ಮರಳು. ಪೂರ್ವದಿಂದ ಕುದುರೆ ಸೇನೆ ಬಂದು ದೊಡ್ಡ ದೊಡ್ಡ ಪಟ್ಟಣಗಳನ್ನು ಸುಟ್ಟಾಗ ಇಲ್ಲಿನವರು ತಲೆ ತಗ್ಗಿಸಿ ಕಪ್ಪ ಕೊಟ್ಟರು, ಅವರು ಹೋದ ಮೇಲೆ ತಲೆ ಎತ್ತಿ ಮತ್ತೆ ಮಗ್ಗದ ಮುಂದೆ ಕುಳಿತರು. ಬೇರೆ ಊರುಗಳಿಂದ ಓಡಿಬಂದ ವಿದ್ವಾಂಸರು, ಕುಶಲಕರ್ಮಿಗಳು ಇಲ್ಲಿ ನೆಲೆಸಿದರು. ರೇಷ್ಮೆ ನೇಯ್ದರು, ಒಂಟೆಗಳ ಸಾಲಿಗೆ ಮಾರಿದರು. ನೀರಿಗೆ ಮಾತ್ರ ಯಾರೂ ಕತ್ತಿ ಹಿಡಿಯಲಿಲ್ಲ, ಬಟ್ಟಲು ಹಿಡಿದರು.

"ಬಟ್ಟಲು?" ಎಂದೆ.

ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಪಾತ್ರೆಯಲ್ಲಿ ತೇಲಿಬಿಡುತ್ತಾರೆ. ಅದು ತುಂಬಿ ಮುಳುಗಿದರೆ ಒಂದು ಪಾಲು. ಇಂಥವರ ತೋಟಕ್ಕೆ ಇಂತಿಷ್ಟು ಬಟ್ಟಲು ಹೊತ್ತು ನೀರು. ಎಣಿಸಲು ಒಬ್ಬ ನಂಬಿಕಸ್ಥ ಹಗಲೆಲ್ಲ ಕೂತಿರುತ್ತಾನೆ, ಅವನ ಡ್ಯೂಟಿ ಮುಗಿಯುವಾಗ ಇನ್ನೊಬ್ಬ. ಕನ್ನಡದಲ್ಲಿ ವಿವರಿಸಿದಾಗ, ನಮ್ಮಲ್ಲಿಯೂ ಮುಹೂರ್ತಕ್ಕೆ ಗಳಿಗೆ ಬಟ್ಟಲು ಇಡುತ್ತಿದ್ದರು ಎಂದು ಗಿರಿಜಾ ಹೇಳಿದಳು. ಆ ಎಣಿಸುವವನ ಕೆಲಸ ನನಗೆ ಸಿಕ್ಕಿದ್ದರೆ ಚೆನ್ನಾಗಿ ಮಾಡುತ್ತಿದ್ದೆ ಎಂದು ನನಗೆ ಅನಿಸಿತು.

ಮೇಷ್ಟ್ರು ಇನ್ನೊಂದು ಸಂಗತಿ ಹೇಳಿದರು. ಬೆಂಕಿಯನ್ನು ಆರದಂತೆ ಕಾಯುವ ಹಳೆಯ ಧರ್ಮದವರು ಈ ಊರಿನಲ್ಲಿ ಈಗಲೂ ಇದ್ದಾರೆ. ಅವರಲ್ಲಿ ಹಲವರು ಹಿಂದೆ ಹಡಗು ಹತ್ತಿ ಮುಂಬಯಿಗೆ ಹೋಗಿ ಚಹಾ ಅಂಗಡಿ ಇಟ್ಟರು. ಇದನ್ನು ಗಿರಿಜಾಳಿಗೆ ಹೇಳಿದೆ.

"ಓ, ಇರಾನಿ ಹೋಟೆಲು! ನನ್ನ ಅಣ್ಣ ಇದ್ದದ್ದು ಅದರ ಎದುರಿನ ಉಡುಪಿ ಹೋಟೆಲಲ್ಲಿ. ಇಡೀ ದಿನ ಇವರ ಹೋಟೆಲಿನ ಗಿರಾಕಿ ಲೆಕ್ಕ ಮಾಡುದೇ ಧಣಿಯ ಕೆಲಸ ಅಂತ ಹೇಳ್ತಿದ್ದ. ಇವರಿಗೆ ಹೇಳಿ ಸಿಸ್ಟರ್, ಬನ್ನು ನಿಮ್ಮದೇ ಒಳ್ಳೆಯದು, ಚಟ್ನಿ ನಮ್ಮದು."

ಹೇಳಿದೆ. ಮೇಷ್ಟ್ರು ಬಹಳ ಹೊತ್ತು ನಕ್ಕರು. ನಾವು ಏಳುವಾಗ ಅವರೂ ಎದ್ದು, ಎದುರಿನ ಹಸಿರು ಬಾಗಿಲು ತೋರಿಸಿ, "ನಮ್ಮ ಬಡ ಮನೆ ಅದು, ಮಧ್ಯಾಹ್ನದ ಊಟಕ್ಕೆ ಬರಬೇಕು," ಎಂದರು.

"ಸಂತೋಷ. ಎಷ್ಟು ಗಂಟೆಗೆ?" ಎಂದು ಕೇಳಿದೆ.

ಅವರು ಕೋಟಿನ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡರು. "ನಿಮಗೆ ಯಾವಾಗ ಅನುಕೂಲವೋ ಆಗ."

"ಹನ್ನೆರಡೂವರೆ," ಎಂದೆ.

ದೂರ ಬಂದ ಮೇಲೆ ಗಿರಿಜಾ ಗೊಣಗಿದಳು. "ಅದು ಬಾಯಿಮಾತಿಗೆ ಕರೆದದ್ದು ಸಿಸ್ಟರ್. ನಮ್ಮಲ್ಲಿ ಹತ್ತು ಗಂಟೆಗೆ ಬಂದವರಿಗೆ ಊಟ ಮಾಡಿ ಹೋಗಿ ಅಂತ ಹೇಳುದಿಲ್ವಾ?"

"ಕರೆದಾಗಿದೆ, ಒಪ್ಪಿಯಾಗಿದೆ. ಹೋಗದೆ ಇರುವುದು ತಪ್ಪು."

ಹಸಿರು ಬಾಗಿಲು, ಹನ್ನೆರಡೂವರೆ

ಈ ಸಲ ಉಂಗುರವನ್ನೇ ಬಡಿದೆ. ಬಾಗಿಲು ತೆರೆದ ಹೆಂಗಸಿನ ಕೂದಲು ಒದ್ದೆ, ಕೈಯಲ್ಲಿ ಒಗೆದ ಬಟ್ಟೆಯ ಬಾಲ್ದಿ. ಹಿಂದೆ ಮೇಷ್ಟ್ರು ಕಾಣಿಸಿಕೊಂಡರು, ಮನೆಯ ಪೈಜಾಮದಲ್ಲಿ. ನನ್ನ ಗಡಿಯಾರ ಸರಿಯಾಗಿ ಹನ್ನೆರಡೂವರೆ ತೋರಿಸುತ್ತಿತ್ತು.

ಅವರ ಮುಖದಲ್ಲಿ ಆದದ್ದನ್ನು ನಾನು ಆಗ ಓದಲಿಲ್ಲ. ಗಿರಿಜಾ ಓದಿದಳು, ತಲೆಬಟ್ಟೆಯನ್ನು ಮೂಗಿನ ತನಕ ಎಳೆದುಕೊಂಡಳು. "ಬನ್ನಿ, ಮನೆ ನಿಮ್ಮದು," ಎಂದು ಮೇಷ್ಟ್ರು ಒಳಗೆ ಕರೆದರು. ಹಿತ್ತಲಿನಲ್ಲಿ ಅವಸರದ ಪಿಸುಮಾತು. ಪಕ್ಕದ ಮನೆಯ ಮಾಡಿನಿಂದ ಯಾರೋ ಒಂದು ಬೋಗುಣಿಯನ್ನು ಇಳಿಸಿದರು, ಇನ್ನೊಂದು ಕಡೆಯಿಂದ ರೊಟ್ಟಿ ಬಂತು. ಮುಕ್ಕಾಲು ಗಂಟೆಯಲ್ಲಿ ಸೊಪ್ಪು ಹಾಕಿದ ಮೊಟ್ಟೆಯ ದಪ್ಪ ದೋಸೆಯಂಥದ್ದು, ಮೊಸರು, ಹಸಿ ಪುದೀನ, ದಾಳಿಂಬೆ ಎಲ್ಲ ಎದುರಿಗೆ ಬಂದವು. ರುಚಿಯಾಗಿತ್ತು. ಆ ಹೆಂಗಸು ಒಮ್ಮೆಯೂ ಮುಖ ಸಣ್ಣದು ಮಾಡಲಿಲ್ಲ. ಇವರಿಗೆ ಹೊತ್ತಿನ ಶಿಸ್ತು ಸ್ವಲ್ಪ ಕಡಿಮೆ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡು ಉಂಡೆ.

ದಾರಿಯಲ್ಲಿ ಮಹಿನಳ ಅಂಗಡಿ ಸಿಕ್ಕಿತು. ನಡೆದದ್ದು ಹೇಳಿದೆ. ಅವಳು ಕೌಂಟರಿಗೆ ತಲೆಯಿಟ್ಟು ನಕ್ಕಳು.

"ಆಂಟಿ, ಅವರು ಎಷ್ಟು ಸಲ ಕರೆದ್ರು?"

"ಒಂದು ಸಲ. ಎಷ್ಟು ಸಲ ಕರೀಬೇಕು?"

"ಮೂರು. ಒಂದು ಸಲ ಕರೆದ್ರೆ ಅದು ನಮಸ್ಕಾರ. ನೀವು ಇಲ್ಲ ಅನ್ನಬೇಕು. ಪುನಃ ಕರೀತಾರೆ, ಪುನಃ ಇಲ್ಲ ಅನ್ನಬೇಕು. ಮೂರನೇ ಸಲ ಕರೆದ್ರೆ ಮಾತ್ರ ಕರೆ. ಹಾಗೇ, ಬೇಡ ಅನ್ನುದೂ ಒಂದು ಸಲ ಅಂದ್ರೆ ಬೇಡ ಅಂತ ಅಲ್ಲ. ಮರ್ಯಾದೆ ಅಷ್ಟೆ."

ನಾನು ಮೇಷ್ಟ್ರ ಹೆಂಡತಿಗೆ ಏನು ಕೊಟ್ಟು ಕ್ಷಮೆ ಕೇಳುವುದು ಎಂದು ಯೋಚಿಸುತ್ತಿದ್ದೆ. ಗಿರಿಜಾ ನನ್ನ ತೋಳು ಹಿಡಿದಳು.

"ಸಿಸ್ಟರ್," ಎಂದಳು. "ನಿನ್ನೆ ಉಸ್ತಾದರು ಎಷ್ಟು ಸಲ ಬೇಡ ಅಂದದ್ದು?"

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ನಾನು ಮಹಿನಳನ್ನು ನೋಡಿದೆ. ಅವಳ ನಗು ನಿಂತಿತ್ತು.

"ನೀನು ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ನೀವು ಪುನಃ ಕೇಳ್ತೀರಿ ಅಂತ ಕಾಯ್ತಾ ಇದ್ದೆ. ಅಪ್ಪನೂ ಕಾಯ್ತಾ ಇದ್ರು. ನೀವು ಪುಸ್ತಕ ಮುಚ್ಚಿದ್ರಿ. ಅತಿಥಿಗೆ ಇನ್ನೊಮ್ಮೆ ಕೇಳಿ ಅಂತ ನಾನು ಹೇಗೆ ಹೇಳುದು ಆಂಟಿ? ಅದು ನಿಮ್ಮಿಂದ ಕೆಲಸ ಮಾಡಿಸಿದ ಹಾಗೆ."

"ನಮ್ಮೂರಲ್ಲಿ ಎಲೆ ಮುಂದೆ ಕೂತವರು ಸಾಕು ಅಂತ ಕೈ ಅಡ್ಡ ಹಿಡಿತಾರೆ," ಎಂದಳು ಗಿರಿಜಾ. "ಬಡಿಸುವವರು ಬೆರಳ ಸಂದಿಯಲ್ಲೇ ಪಾಯಸ ಬಿಡ್ತಾರೆ. ನೀವೂ ಎಷ್ಟು ಸಲ ಬಡಿಸಿದ್ದೀರಿ. ವಾರ್ಡಿನ ಬುದ್ಧಿ ಇಲ್ಲಿಗೆ ಯಾಕೆ ತಂದದ್ದು?"

ಕೂಡಲೇ ಮನೆಗೆ ಹೊರಟೆವು. ಆದರೆ ಭಾರತದಿಂದ ಬಂದವರನ್ನು ನೋಡಲು ಉಸ್ತಾದರ ನೆಂಟರು ಬಂದು ಅಂಗಳ ತುಂಬಿತ್ತು. ಅಷ್ಟು ಜನರ ಎದುರು ಪಾದ ತೋರಿಸಿ ಎಂದು ಕೇಳುವುದು ಸಾಧ್ಯವಿರಲಿಲ್ಲ. ಅವರು ಹೋಗುವ ಹೊತ್ತಿಗೆ ಉಸ್ತಾದರು ಮಲಗಿಯಾಗಿತ್ತು. ಇನ್ನೊಂದು ದಿನ ಹೋಯಿತು.

ಮೂವತ್ತೆಂಟು ಮೆಟ್ಟಿಲು, ಮಂಗಳವಾರ

ಮಹಿನ್ ಮಧ್ಯಾಹ್ನ ಮೂರಕ್ಕೆ ಅಂಗಡಿ ಮುಚ್ಚಿ, ನಾನು ಬರೆದುಕೊಟ್ಟ ಪಟ್ಟಿಯ ಪ್ರಕಾರ ಸಾಮಾನು ತಂದಳು: ಗಾಜ್ ಬಟ್ಟೆ, ಸಲೈನ್, ಕೈಗವಸು, ಬ್ಯಾಂಡೇಜು, ಕತ್ತರಿ. ಉಸ್ತಾದರು ಅಂಗಳದಲ್ಲಿ ಇರಲಿಲ್ಲ.

"ಕೆಳಗೆ ಇರಬೇಕು," ಎಂದಳು.

ಮನೆಯ ಮೂಲೆಯಲ್ಲಿ ನೆಲದೊಳಕ್ಕೆ ಇಳಿಯುವ ಮೆಟ್ಟಿಲುಗಳಿದ್ದವು. ಊರಿನಡಿ ಹರಿಯುವ ಕನಾತಿಗೆ ಹಳೆಯ ಮನೆಗಳಿಂದ ಹೀಗೆ ದಾರಿ ಇರುತ್ತದೆ. ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆಯ ಗುರುತು, ಬಲಗಾಲಿನದು ಮಾತ್ರ, ಹಿಂದಿನ ಸಲ ಹತ್ತಿಬಂದದ್ದು, ಇನ್ನೂ ಆರಿರಲಿಲ್ಲ. ಗಿರಿಜಾ ನನ್ನನ್ನು ತಡೆದಳು.

"ನಿಂತು ಕೇಳ್ಬೇಡಿ ಸಿಸ್ಟರ್, ರೌಂಡ್ಸಿಗೆ ಬಂದ ಹಾಗೆ. ಕೂತ್ಕೊಳ್ಳಿ. ಅವರಿಗಿಂತ ಒಂದು ಮೆಟ್ಟಿಲು ಕೆಳಗೆ. ನಾನು ಮೇಲೆ ಬಿಸಿನೀರು, ಹಾಸು ಎಲ್ಲ ರೆಡಿ ಮಾಡ್ತೇನೆ."

ಮಹಿನಳೂ ನಾನೂ ಮೂವತ್ತೆಂಟು ಮೆಟ್ಟಿಲು ಇಳಿದೆವು. ಕೆಳಗೆ ತಣ್ಣಗಿತ್ತು. ಲಾಂದ್ರದ ಬೆಳಕಿನಲ್ಲಿ ಗೇಣು ಆಳದ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಉಸ್ತಾದರು ಕೊನೆಯ ಮೆಟ್ಟಿಲಿನ ಮೇಲೆ ಕುಳಿತು ಬಲಗಾಲನ್ನು ನೀರಿಗೆ ಇಳಿಬಿಟ್ಟಿದ್ದರು. ನಮ್ಮನ್ನು ಕಂಡು ಗಡಬಡಿಸಿ ಕಾಲನ್ನು ಮೇಲಂಗಿಯ ಅಡಿಗೆ ಎಳೆದುಕೊಂಡರು. ಅವರು ನಂಬಿದ್ದ ಮದ್ದು ಇದೇ. ಜೀವಮಾನವಿಡೀ ತಾವು ತಂದ ನೀರು ತಮಗೆ ಕೆಟ್ಟದ್ದು ಮಾಡಲಾರದೆಂಬ ನಂಬಿಕೆ. ಅಂಥ ಗಾಯವನ್ನು ನೀರಿನಲ್ಲಿ ನೆನೆಹಾಕುವುದು ಎಷ್ಟು ಅಪಾಯ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ.

ಅವರಿಗಿಂತ ಕೆಳಗೆ ಮೆಟ್ಟಿಲು ಇರಲಿಲ್ಲ. ನೀರಿನ ಬದಿಯ ಕಲ್ಲಿನ ಮೇಲೆ ಕುಳಿತೆ.

"ಉಸ್ತಾದ್, ನಿಮ್ಮ ಪಾದ ನೋಡಲಿಕ್ಕೆ ಬಿಡಿ."

ಕೈ ಎದೆಗೆ ಹೋಯಿತು. ಮಹಿನ್ ಹೇಳಿದಳು, "ನಿಮ್ಮ ಕೈ ನೋಯುದು ಬೇಡ ಅಂತಾರೆ."

"ನನ್ನ ಕೈಗೆ ಇದೇ ಕೆಲಸ ಉಸ್ತಾದ್. ಬಿಡಿ, ನೋಡ್ತೇನೆ."

ಈ ಸಲ ಅವರು ನೀರನ್ನು ನೋಡುತ್ತ ಉತ್ತರಿಸಿದರು. "ಮಣ್ಣಿನಲ್ಲಿ ತೆವಳಿದವನ ಕಾಲು, ದೊಡ್ಡವರ ಎದುರು ಚಾಚಿದ್ರೆ ನಾಚಿಕೆ ಅಂತಾರೆ."

ಎರಡಾಯಿತು. ಮೂರನೆಯದಕ್ಕೆ ಯಾವ ಮಾತು ಎಂದು ನನಗೆ ತೋಚಲಿಲ್ಲ. ಎದುರಿನ ಸುರಂಗದ ಬಾಯಿ ಮನುಷ್ಯ ಬಗ್ಗಿ ಹೋಗುವಷ್ಟಿತ್ತು. ಅದರ ಗೋಡೆಯಲ್ಲಿ ಗುದ್ದಲಿಯ ಗೆರೆಗಳು.

"ಒಳಗೆ ಕುಸಿದರೆ ಏನು ಮಾಡ್ತಿದ್ದಿರಿ?" ಎಂದು ಕೇಳಿದೆ.

ಅವರ ದನಿ ಬದಲಾಯಿತು. ಕಸುಬಿನ ಮಾತು. ಒಳಗಿಳಿಯುವವರು ಬಿಳಿ ಬಟ್ಟೆಯನ್ನೇ ಹಾಕುತ್ತಿದ್ದರಂತೆ. ಕತ್ತಲಲ್ಲಿ ಕಾಣುತ್ತದೆ, ಹೊರಗೆ ಬಾರದಿದ್ದರೆ ಕಫನಕ್ಕೆ, ಹೆಣಕ್ಕೆ ಸುತ್ತಲು, ಬೇರೆ ಬಟ್ಟೆ ಬೇಡ. ಕುಸಿಯುವ ಮೊದಲು ಮಾಡಿನಿಂದ ಸಣ್ಣ ಮರಳು ಉದುರುತ್ತದೆ. ಉದುರಿದರೆ ವಾದ ಮಾಡಬಾರದು. ಆ ಭಾಗವನ್ನು ಬಿಟ್ಟುಬಿಡಬೇಕು, ಬದಿಯಿಂದ ಬಳಸು ಸುರಂಗ ತೋಡಿ, ಮುಂದೆ ಹೋಗಿ ಹಳೆಯ ದಾರಿಗೆ ಸೇರಿಸಬೇಕು.

"ಎಷ್ಟು ಬಿಡಬೇಕು?"

ಮಹಿನ್ ಅವರ ಮಾತನ್ನು ಒಂದೊಂದಾಗಿ ಹೇಳಿದಳು. "ಕೆಟ್ಟ ಮಣ್ಣು ಎಷ್ಟುಂಟೋ ಅಷ್ಟು. ಮತ್ತೆ ಒಂದು ಮೊಳ ಒಳ್ಳೆ ಮಣ್ಣು. ಆ ಒಂದು ಮೊಳಕ್ಕೆ ಆಸೆ ಮಾಡಿದವರು ಒಳಗೇ ಉಳಿದ್ರು ಅಂತಾರೆ."

"ನಮ್ಮ ಡಾಕ್ಟರುಗಳೂ ಅದನ್ನೇ ಹೇಳುವುದು," ಎಂದೆ.

ಮಹಿನ್ ಅದನ್ನು ಫಾರ್ಸಿಯಲ್ಲಿ ಹೇಳಿದಳು. ನೀರು ಹರಿಯುತ್ತಿತ್ತು. ಮೇಲೆ ಗಿರಿಜಾ ಪಾತ್ರೆ ಇಟ್ಟ ಸದ್ದಾಯಿತು.

"ಕೆಟ್ಟದ್ದು ಎಲ್ಲಿಯ ತನಕ ಉಂಟು ಅಂತ ನೋಡಬೇಕಲ್ಲ ಉಸ್ತಾದ್. ಲಾಂದ್ರ ನೀವು ಹಿಡೀರಿ. ನಾನು ನೋಡ್ತೇನೆ."

ಅವರು ಎದೆಗೆ ಕೈಯಿಡಲಿಲ್ಲ. ಆ ಕೈಯಿಂದ ಲಾಂದ್ರವನ್ನು ಎತ್ತಿದರು. ಮೇಲಂಗಿಯನ್ನು ಸರಿಸಿ ಪಾದವನ್ನು ನನ್ನ ಕಡೆಗೆ ಚಾಚಿದರು. ಮಹಿನ್ ಮುಖ ತಿರುಗಿಸಿಕೊಂಡಳು.

ಅಂಗಳ, ನಾಲ್ಕೂಕಾಲು

ಉಸ್ತಾದರನ್ನು ಮೇಲೆ ಹತ್ತಿಸಲು ಇಪ್ಪತ್ತು ನಿಮಿಷ ಬೇಕಾಯಿತು. ಗಿರಿಜಾ ದಾಳಿಂಬೆ ಗಿಡದ ಹತ್ತಿರ ಬಿಸಿಲಿನಲ್ಲಿ ಹಾಸು ಹಾಕಿ, ಮಣೆಯ ಮೇಲೆ ಬಿಳಿ ಬಟ್ಟೆ ಹರಡಿ, ಎಲ್ಲವನ್ನೂ ನನ್ನ ಬಲಗೈಗೆ ಎಟಕುವಂತೆ ಜೋಡಿಸಿದ್ದಳು.

ಎರಡನೆಯ ಬೆರಳು ಪೂರ್ತಿ ಕಪ್ಪು, ನೀರಿನಲ್ಲಿ ನೆಂದು ಬುಡ ಬಿರಿದಿತ್ತು. ಪಕ್ಕದ ಬೆರಳಿನ ಬಣ್ಣ ನನಗೆ ಹಿಡಿಸಲಿಲ್ಲ. ಕೆಂಪು ಪಾದದ ನಡುಭಾಗದ ತನಕ ಏರಿತ್ತು. ಮುಟ್ಟಿದರೆ ಬಿಸಿ. ನೋವೇ ಗೊತ್ತಾಗುತ್ತಿರಲಿಲ್ಲ, ಅದು ಒಳ್ಳೆಯ ಸೂಚನೆಯಲ್ಲ. ತೊಳೆದೆ, ಸತ್ತ ಚರ್ಮವನ್ನು ಕತ್ತರಿಸಿದೆ, ಮತ್ತೆ ತೊಳೆದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು, ಒಬ್ಬ ಕೆಲಸದವನು ಇನ್ನೊಬ್ಬನ ಕೆಲಸವನ್ನು ನೋಡುವಂತೆ.

"ಎಷ್ಟು ಮೊಳ ಬಿಡಬೇಕು ಅಂತ ಕೇಳ್ತಾರೆ ಆಂಟಿ."

"ಈ ಬೆರಳು ಹೋಗ್ತದೆ. ಪಕ್ಕದ್ದನ್ನು ನಾಳೆ ಡಾಕ್ಟರು ನೋಡಿ ಹೇಳಬೇಕು. ಪಾದ ಉಳಿಯಬಹುದು. ಉಳೀತದೆ ಅಂತ ಮಾತು ಕೊಡಲಿಕ್ಕೆ ಆಗುವುದಿಲ್ಲ."

ಅವರು ತಲೆಯಾಡಿಸಿ ಇನ್ನೊಂದು ಪ್ರಶ್ನೆ ಕೇಳಿದರು. ನಾವು ಬಂದ ದಿನ ಈ ಕೆಂಪು ಎಲ್ಲಿತ್ತು ಎಂದು.

"ಗೊತ್ತಿಲ್ಲ, ನಾನು ನೋಡಲಿಲ್ಲ ಅಂತ ಹೇಳು. ಇನ್ನೆರಡು ಸಲ ಕೇಳಬೇಕಿತ್ತು, ಕೇಳಲಿಲ್ಲ. ಎರಡು ದಿನ ನನ್ನ ತಪ್ಪಿನಿಂದ ಹೋಯಿತು ಅಂತ ಹೇಳು."

"ಅದನ್ನು ನಾನು ಹೇಳುದಿಲ್ಲ ಆಂಟಿ."

"ಹೇಳು ಮಹಿನ್."

ಹೇಳಿದಳು. ಉಸ್ತಾದರು ಉತ್ತರಿಸಿದರು. ಒಂದು ತಿಂಗಳು ಅಡಗಿಸಿದವನು ತಾನು, ತನ್ನ ಪಾಲಿನಿಂದ ಎರಡು ದಿನವನ್ನು ಅತಿಥಿ ಎತ್ತಿಕೊಳ್ಳುವುದು ಬೇಡ ಎಂದು. ಅದು ಮರ್ಯಾದೆಯ ಮಾತೋ ನಿಜವೋ ಎಂದು ನಾನು ಮಹಿನಳನ್ನು ಕೇಳಲಿಲ್ಲ.

ಬ್ಯಾಂಡೇಜು ಕಟ್ಟುವ ಮೊದಲು ಒಂದು ಕೆಲಸವಿತ್ತು. ಬಾಲ್‌ಪೆನ್ನು ತೆಗೆದು, ಕೆಂಪು ನಿಂತಲ್ಲಿ ಚರ್ಮದ ಮೇಲೆ ಸುತ್ತಲೂ ಗೆರೆ ಎಳೆದೆ. ಪಕ್ಕದಲ್ಲಿ ತಾರೀಖು, ಹೊತ್ತು. ಬೆಳಿಗ್ಗೆ ಕೆಂಪು ಈ ಗೆರೆಯನ್ನು ದಾಟಿದೆಯೋ, ಅಲ್ಲಿಯೇ ನಿಂತಿದೆಯೋ ಡಾಕ್ಟರಿಗೆ ನೋಡಿದೊಡನೆ ತಿಳಿಯುತ್ತದೆ. ಉಸ್ತಾದರು ಬಗ್ಗಿ ಆ ಗೆರೆಯನ್ನು ಬೆರಳಿನಿಂದ ತೋರಿಸಿ ಏನೋ ಕೇಳಿದರು.

"ನಾವೂ ಸಂಜೆ ಮೇಲೆ ಹತ್ತುವ ಮೊದಲು ಗೋಡೆಗೆ ದೀಪದ ಮಸಿಯಿಂದ ಗೆರೆ ಹಾಕ್ತಿದ್ದೆವು ಅಂತಾರೆ, ಇವತ್ತು ಇಲ್ಲಿಗೆ ಬಂತು ಅಂತ," ಎಂದಳು ಮಹಿನ್. ಮುಂದಿನದನ್ನು ಅವರಿಂದ ಇನ್ನೊಮ್ಮೆ ಹೇಳಿಸಿಕೊಂಡಳು. "ನಾಳೆ ಎಷ್ಟು ಗಂಟೆಗೆ ಹೊರಡುದು ಅಂತ ಕೇಳ್ತಾರೆ."

"ಏಳೂವರೆ," ಎಂದೆ.

ಬ್ಯಾಂಡೇಜು ಕಟ್ಟಿದೆ. ಗಿರಿಜಾ ಕೊಳಕಾದ ಗಾಜ್ ಬಟ್ಟೆಯನ್ನು ಚೀಲಕ್ಕೆ ಹಾಕಿ ಎರಡು ಗಂಟು ಬಿಗಿದಳು, ಬೋಗುಣಿಯನ್ನು ಕುದಿಯುವ ನೀರಿನಲ್ಲಿ ತೊಳೆದು ಕೊಳದ ಕಟ್ಟೆಯ ಮೇಲೆ ಕವುಚಿ ಹಾಕಿದಳು. ಕತ್ತರಿ ಎರಡು, ಎಣಿಸಿ ಒರೆಸಿ ಒಳಗಿಟ್ಟೆವು. ನಾನು ಕೈ ತೊಳೆದುಕೊಂಡು ಪುಸ್ತಕ ತೆರೆದು ಬರೆದೆ: ಸಂಜೆ ಐದು ಇಪ್ಪತ್ತು, ಡ್ರೆಸ್ಸಿಂಗ್ ಮುಗಿಯಿತು, ಗೆರೆ ಹಾಕಿದೆ, ನಾಳೆ ಏಳೂವರೆಗೆ ಆಸ್ಪತ್ರೆಗೆ.